ಮೆಂತ್ಯವೂ ಇರಲಿ, ಮಾತ್ರೆಯೂ ಇರಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಸಕ್ಕರೆ ಕಾಯಿಲೆಗೆ ಮೆಂತ್ಯ, ಹಾಗಲಕಾಯಿ, ಮಧುನಾಶಿನಿ ಸಾಕು ಎನ್ನುವವರಿದ್ದಾರೆ. ಇದು ಬರಿಯ ನಂಬಿಕೆಯಲ್ಲ. ಮೆಂತ್ಯದ ಲೋಳೆಯಂಥ ನಾರು, ಊಟದಲ್ಲಿನ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲ ನಾಲಗೆಗೆ ಸಿಹಿ ತಿಳಿಯದಂತೆ ಸ್ವಲ್ಪ ಹೊತ್ತು ತಡೆಯುತ್ತದೆ.

ವೈದ್ಯರು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಗೂ ದಾರಿ ತೋರಿಸಿದ್ದು ಯುರೋಪಿನ ಒಂದು ಗಿಡವೇ. ಅದನ್ನು ಮಧುಮೇಹಿಗಳಿಗೆ ಕೊಟ್ಟು ನೋಡಿದ ಫಲವನ್ನು ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ 1957ರಲ್ಲಿ ಪ್ರಕಟಿಸಿದರು. ಆದರೆ ಮಾತ್ರೆಯಲ್ಲಿ ಅಳತೆ ಖಚಿತ; ಎಲೆಯಲ್ಲಿ, ಬೀಜದಲ್ಲಿ ಹಾಗಿಲ್ಲ.

ಆದ್ದರಿಂದ ಮನೆಮದ್ದು ಸಿಕ್ಕಿತೆಂದು ಮಾತ್ರೆ, ಇನ್ಸುಲಿನ್ ಬಿಡಬೇಡಿ. ಎರಡೂ ಸೇರಿ ಸಕ್ಕರೆ ತೀರಾ ಇಳಿಯಲೂಬಹುದು. ನಡುಕ, ಬೆವರು, ತಲೆಸುತ್ತು ಕಂಡರೆ ತಡಮಾಡದೆ ಸಕ್ಕರೆ ನೀರು ಕುಡಿಯಿರಿ. ಮನೆಯಲ್ಲಿ ಏನು ಸೇವಿಸುತ್ತಿದ್ದೀರಿ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.