ಸೀತಾಳೆ ದಂಡೆಗೆ ಫೋನು ಹೇಳಿದ ಹೆಸರು

ಮಳೆ ಹಿಡಿಯುವ ಮುಂಚಿನ ದಿನಗಳು. ರಜೆಗೆಂದು ಮಲೆನಾಡಿನ ಅಜ್ಜನ ಮನೆಗೆ ಬಂದ ಹುಡುಗಿಗೆ ಹಿತ್ತಿಲ ಹಲಸಿನ ಮರದಲ್ಲಿ ನರಿಬಾಲದಂತೆ ಜೋತುಬಿದ್ದ ಹೂಗೊಂಚಲು ಕಾಣುತ್ತದೆ. ಬಿಳಿ ಎಸಳು, ಮೇಲೆ ನೇರಳೆ ಚುಕ್ಕಿ. ಅಜ್ಜಿಯನ್ನು ಕೇಳಿದರೆ ‘ಸೀತಾಳೆ ದಂಡೆ ಕಣೇ, ಸಣ್ಣೋರಿದ್ದಾಗ ಜಡೆಗೆ ಮುಡೀತಿದ್ವಿ’ ಎನ್ನುತ್ತಾರೆ. ಅಮ್ಮನ ಫೋನಿನಲ್ಲಿ ಚಿತ್ರ ತೆಗೆದು ಕೇಳಿದರೆ ‘ರಿಂಕೋಸ್ಟೈಲಿಸ್ ರೆಟ್ಯೂಸಾ’ ಎಂಬ ಉತ್ತರ. ಎರಡೂ ಸರಿಯೇ. ಇದೇ ಆರ್ಕಿಡ್ ಅಸ್ಸಾಮಿನ ರಾಜ್ಯಪುಷ್ಪ. ಬಿಹು ಕುಣಿತದ ಹೆಣ್ಣುಮಕ್ಕಳು ಮುಡಿಯುವುದೂ ಇದನ್ನೇ.

ಮಾರನೆಯ ದಿನ ತೋಟದಾಚೆಯ ಮರದಲ್ಲಿ ಇನ್ನೊಂದು ಗಿಡ. ಹೂವಿಲ್ಲ, ಪಟ್ಟಿಯಂತಹ ದಪ್ಪ ಎಲೆಗಳು ಮಾತ್ರ. ಫೋನು ಮತ್ತೆ ಅದೇ ಹೆಸರು ಹೇಳುತ್ತದೆ. ಈ ಸಲ ನಂಬಬಹುದೆ?

ಫೋನಿಗೇನೂ ಸಸ್ಯಶಾಸ್ತ್ರ ಗೊತ್ತಿಲ್ಲ. ಜನ ಹೆಸರಿಟ್ಟು ಸೇರಿಸಿದ ಲಕ್ಷಾಂತರ ಚಿತ್ರಗಳಿಂದ ಅದು ಹೋಲಿಕೆ ಕಲಿತಿದೆ, ಅಷ್ಟೇ. ಕಣ್ಣಿಗೆ ಹೊಡೆಯುವ ಹೂವನ್ನು ಎಲ್ಲರೂ ಚಿತ್ರ ತೆಗೆಯುತ್ತಾರೆ, ಹಾಗಾಗಿ ಅದರ ಹೆಸರು ಥಟ್ಟನೆ ಬರುತ್ತದೆ. ಯಾರೂ ತಿರುಗಿ ನೋಡದ ಸಣ್ಣ ಆರ್ಕಿಡ್‌ಗೆ ಹೆಸರುವಾಸಿ ನೆಂಟನ ಹೆಸರೇ ಅಂಟಿಕೊಳ್ಳುವುದುಂಟು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 1,256 ಬಗೆಯ ಆರ್ಕಿಡ್‌ಗಳಿವೆ; ಅವುಗಳಲ್ಲಿ 388 ಬೇರೆ ದೇಶಗಳಲ್ಲಿ ಇಲ್ಲ. ಎಲ್ಲದರ ಚಿತ್ರವೂ ಸಾಕಷ್ಟು ಸಿಕ್ಕಿರಬೇಕಲ್ಲ!

ಪಶ್ಚಿಮ ಘಟ್ಟದಲ್ಲೇ ಬೆಳೆಯುವ ಏರೈಡೀಸ್ ಕುಲದ ಆರ್ಕಿಡ್‌ಗಳ ಎಲೆಯೂ ಸುಮಾರು ಸೀತಾಳೆ ದಂಡೆಯಂತೆಯೇ. ಎಲೆಯೊಂದನ್ನೇ ನೋಡಿದರೆ ತಿಳಿದವರೂ ತಡವರಿಸುತ್ತಾರೆ. ಗುಟ್ಟು ಇರುವುದು ಹೂವಿನಲ್ಲಿ, ಅದೂ ಪಕ್ಕದಿಂದ ನೋಡಿದಾಗ. ಆರ್ಕಿಡ್ ಹೂವಿನ ಎಸಳುಗಳಲ್ಲಿ ಒಂದು ಉಳಿದವಕ್ಕಿಂತ ಬೇರೆಯಾಗಿ ತುಟಿಯಂತೆ ಚಾಚಿರುತ್ತದೆ. ದುಂಬಿ, ಜೇನು ಇಳಿಯುವ ಜಗಲಿ ಅದು. ಆ ತುಟಿಯ ಬುಡದ ಪುಟ್ಟ ಚೀಲ ಸೀತಾಳೆ ದಂಡೆಯಲ್ಲಿ ಹಿಂದಕ್ಕೆ ಚಾಚಿದ್ದರೆ, ಏರೈಡೀಸ್‌ನಲ್ಲಿ ಕೊಂಬಿನಂತೆ ಮುಂದಕ್ಕೆ ಬಾಗಿರುತ್ತದೆ. ಎದುರಿನಿಂದ ತೆಗೆದ ಚಂದದ ಫೋಟೋದಲ್ಲಿ ಇದು ಕಾಣುವುದೇ ಇಲ್ಲ. ಆದ್ದರಿಂದ ಚಿತ್ರ ಒಂದು ಸಾಲದು. ಹೂ ಎದುರಿನಿಂದ, ಹೂ ಪಕ್ಕದಿಂದ, ಎಲೆಯ ತುದಿ, ಮರದ ಮೇಲೆ ಇಡೀ ಗಿಡ. ಇಷ್ಟಿದ್ದರೆ ನೋಡುವವರಿಗೆ ಕೆಲಸ ಸುಲಭ.

ನೋಡುವವರು ಯಾರು? ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂತಹ ತಾಣಗಳಿಗೆ ಚಿತ್ರ ಕಳಿಸಿದರೆ ಗಿಡಗಳನ್ನು ಬಲ್ಲವರು ನೋಡಿ ಹೆಸರು ಒಪ್ಪುತ್ತಾರೆ, ಇಲ್ಲವೇ ತಿದ್ದುತ್ತಾರೆ. ಅನುಮಾನವಿದ್ದರೆ ಬರೇ ‘ಆರ್ಕಿಡ್ ಕುಟುಂಬ’ ಎಂದು ಬರೆದು ಬಿಡಬಹುದು, ನಾಚಿಕೆಯೇನಿಲ್ಲ. ಚಿಕ್ಕ ಮಕ್ಕಳಿಗೆ ಖಾತೆ ತೆರೆಯದೆಯೇ ಬಳಸಬಹುದಾದ ‘ಸೀಕ್’ ಇದೆ.

ಹೆತ್ತವರು ಗಮನಿಸಬೇಕಾದ ಒಂದು ಸಂಗತಿಯಿದೆ. ಫೋನಿನ ಸ್ಥಳಸೂಚಕ ಚಾಲೂ ಇದ್ದರೆ ಫೋಟೋದೊಳಗೇ ಮರ ಇರುವ ಜಾಗದ ವಿವರ ಅಡಗಿ ಕೂತಿರುತ್ತದೆ. ಕಾಡು ಆರ್ಕಿಡ್ ಕಿತ್ತು ಮಾರುವವರಿಗೆ ಅಷ್ಟೇ ಸಾಕು. ಆರ್ಕಿಡ್ ಬೀಜ ದೂಳಿನಷ್ಟು ಸಣ್ಣದು, ಒಳಗೆ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಮಣ್ಣಿನಲ್ಲೋ ತೊಗಟೆಯಲ್ಲೋ ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳೆಯುತ್ತದೆ. ಕಿತ್ತ ಗಿಡದ ಜಾಗಕ್ಕೆ ಇನ್ನೊಂದು ಬೇಗ ಬರುವುದಿಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕಾಗಿಸುವ ಅನುಕೂಲವಿದೆ, ಕಳಿಸುವ ಮುನ್ನ ಅದನ್ನು ಆರಿಸಬೇಕು.

ಅಪಾಯ ಮನೆಯಲ್ಲೂ ಇದೆ. ಮರದ ಮೇಲೆ ಬೆಳೆದದ್ದೆಲ್ಲ ಬಂದಳಿಕೆ ಎಂದುಕೊಂಡು ಸವರಿ ಹಾಕುವವರಿದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ, ನಿಜ. ಸೀತಾಳೆ ದಂಡೆ ಮರಕ್ಕೆ ಅಂಟಿಕೊಂಡಿರುತ್ತದೆಯೇ ಹೊರತು ಅದರಿಂದ ಏನನ್ನೂ ಕದಿಯುವುದಿಲ್ಲ. ಅದರ ಬಿಳಿಯ ಬೇರುಗಳು ಸ್ಪಂಜಿನಂತೆ ಮಳೆನೀರು, ಇಬ್ಬನಿ ಹೀರಿಕೊಳ್ಳುತ್ತವೆ.

ಹೂವಿಲ್ಲದ ಆ ಗಿಡದ ಚಿತ್ರವನ್ನು ಹುಡುಗಿ ಅಳಿಸಬೇಕಿಲ್ಲ. ಮರ ಯಾವುದೆಂದು ಅಜ್ಜಿಗೆ ತೋರಿಸಿ, ಅದನ್ನು ಸವರದಂತೆ ಅಜ್ಜನಿಗೂ ಒಂದು ಮಾತು ಹೇಳಿ ಹೊರಟರಾಯಿತು. ಹೂ ಬಿಟ್ಟ ದಿನ ಅಜ್ಜಿಯ ಕರೆ ಬಂದೇ ಬರುತ್ತದೆ.