ಕಡಲಕಳೆಗೂ ಒಂದು ಪಂಚಾಂಗವಿದೆ

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಕಡಲಕಳೆ ಹುಲುಸಾಗಿ ಬೆಳೆಯುತ್ತದೆ ಎಂಬ ಮಾತು ಈಗ ಸಲೀಸಾಗಿ ಓಡಾಡುತ್ತಿದೆ. ಮಾತು ಅರ್ಧ ನಿಜ. ಆ ಅರ್ಧವನ್ನೇ ನೆಚ್ಚಿ ಕರಾವಳಿಯ ಬಡವರನ್ನು ಹೊಸ ಬೆಳೆಗೆ ಇಳಿಸುವುದು ಸರಿಯಲ್ಲ.

ಇಟಲಿಯ ಇಸ್ಕಿಯಾ ದ್ವೀಪದ ಅಂಚಿನಲ್ಲಿ ಕಡಲತಳದಿಂದ ಈ ಅನಿಲ ಗುಳ್ಳೆಗಳಾಗಿ ಏಳುತ್ತದೆ. ಅದು ಕರಗಿ ಅಲ್ಲಿನ ನೀರು ಎಷ್ಟೋ ಕಾಲದಿಂದ ಆಮ್ಲದ ಕಡೆಗೆ ವಾಲಿದೆ. ಗುಳ್ಳೆಗಳ ಹತ್ತಿರ ಮೆತ್ತನೆಯ ಕಳೆಗಳು ಸೊಂಪಾಗಿವೆ. ಮೈಗೆ ಸುಣ್ಣ ಕಟ್ಟಿಕೊಳ್ಳುವ ಕೆಂಪು ಪಾಚಿಗಳು ಮಾತ್ರ ಕಾಣೆಯಾಗುತ್ತವೆ. ಹವಳದ ದಿಬ್ಬಗಳನ್ನು ಬೆಸೆದು ಗಟ್ಟಿ ಮಾಡುವುದು ಇಂಥ ಪಾಚಿಗಳೇ. ಹಾಗಾಗಿ ಇದು ಸಣ್ಣ ನಷ್ಟವಲ್ಲ. ಇಡೀ ಸಾಗರವೂ ಇದೇ ದಿಕ್ಕಿನಲ್ಲಿ ಸಾಗಿದೆ: ಕೈಗಾರಿಕಾ ಯುಗಕ್ಕೆ ಮೊದಲು 8.2ರ ಸುಮಾರಿನಲ್ಲಿದ್ದ ಅದರ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) ಈಗ 8.1ರ ಆಸುಪಾಸಿಗೆ ಇಳಿದಿದೆ. ಅಂಕಿ ಚಿಕ್ಕದಾಗಿ ಕಂಡರೂ ಆಮ್ಲೀಯತೆ ಏರಿದ್ದು ಸುಮಾರು ಶೇ. 30ರಷ್ಟು. ಇನ್ನು ಮೆತ್ತನೆಯ ಕಳೆಗಳಿಗೂ ಲಾಭ ಖಚಿತವಿಲ್ಲ. ನೀರಿನಲ್ಲಿ ಮೊದಲೇ ಹೇರಳವಾಗಿರುವ ಬೈಕಾರ್ಬೊನೇಟಿನಿಂದ ಇಂಗಾಲ ಹೀರಲು ಬಲ್ಲ ಜಾತಿಗಳು ಬಹಳ. ಅವುಗಳಿಗೆ ಹೆಚ್ಚುವರಿ ಅನಿಲದಿಂದ ಸಿಗುವುದು ಅಲ್ಪ.

ಬೆಳವಣಿಗೆಯ ಇನ್ನೊಂದು ಕೀಲಿ ಹಗಲಿನ ಉದ್ದ.

ಜಪಾನಿನ ನೋರಿ ಎಂಬ ಕಡಲಕಳೆ ಬೇಸಿಗೆಯಲ್ಲಿ ಎಲ್ಲಿ ಮಾಯವಾಗುತ್ತದೆ ಎಂಬುದು ಅದನ್ನು ಬೆಳೆಯುವವರಿಗೂ ಗೊತ್ತಿರಲಿಲ್ಲ. ಅದು ಚಿಪ್ಪುಗಳ ಒಳಗೆ ಕೆಂಪು ಎಳೆಗಳಾಗಿ ಅಡಗಿರುತ್ತದೆ ಎಂದು 1949ರಲ್ಲಿ ತೋರಿಸಿದವರು ಬ್ರಿಟನ್ನಿನ ಕ್ಯಾಥ್ಲೀನ್ ಡ್ರೂ ಬೇಕರ್. ಶರತ್ಕಾಲದಲ್ಲಿ ಹಗಲು ಕುಗ್ಗಿ ನೀರು ತಣ್ಣಗಾದಾಗ ಚಿಪ್ಪಿನಿಂದ ಬೀಜಕಣಗಳು ಹೊರಬಿದ್ದು ಬಲೆಗೆ ಅಂಟುತ್ತವೆ. ಆರಿಯಾಕೆ ಕೊಲ್ಲಿಯ ರೈತರು ಆಕೆಯನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಜರ್ಮನಿಯ ಹೆಲ್ಗೊಲಾಂಡ್ ದ್ವೀಪದಲ್ಲಿ ಕ್ಲೌಸ್ ಲ್ಯೂನಿಂಗ್ ಹಗಲಿನ ಉದ್ದದ ಪ್ರಭಾವವನ್ನು ಕೆಲ್ಪ್ ಎಂಬ ದೊಡ್ಡ ಕಂದು ಕಳೆಯಲ್ಲಿ ಪರೀಕ್ಷಿಸಿದರು. ಅದರ ಒಂದು ಜಾತಿ ಹಗಲು ಗಿಡ್ಡವಾದಾಗಲೇ ಹೊಸ ಎಲೆ ಹೊರಡಿಸುತ್ತದೆ.

ತೊಡಕು ಇರುವುದು ಇಲ್ಲಿಯೇ. ಹಗಲಿನ ಉದ್ದವನ್ನು ಮನುಷ್ಯ ಬದಲಿಸಲಾರ, ನೀರಿನ ಬಿಸಿಯನ್ನೂ ಆಮ್ಲವನ್ನೂ ಬದಲಿಸಿಬಿಟ್ಟಿದ್ದಾನೆ. ಸೂರ್ಯ ಬಿತ್ತನೆಗೆ ಸಮಯವಾಯಿತೆಂದು ಹೇಳಿದರೂ ಶರತ್ಕಾಲದ ನೀರು ಇನ್ನೂ ಬೆಚ್ಚಗೇ ಇರುತ್ತದೆ. ಹಗಲಿನ ಉದ್ದವನ್ನು ಒಂದೇ ಸಮನಾಗಿ ಇಟ್ಟ ತೊಟ್ಟಿಯಲ್ಲಿ ಕೆಲವೇ ವಾರ ನಡೆಸಿದ ಪ್ರಯೋಗಕ್ಕೆ ಈ ಎಡವಟ್ಟು ಕಾಣುವುದೇ ಇಲ್ಲ.

ಭಾರತಕ್ಕೆ ಇದು ದೂರದ ಮಾತಲ್ಲ. ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ ಕಡಲಕಳೆಗೆಂದೇ 640 ಕೋಟಿ ರೂಪಾಯಿ ತೆಗೆದಿಟ್ಟಿತ್ತು. ತಮಿಳುನಾಡಿನ ರಾಮೇಶ್ವರ, ಮಂಡಪಂ ತೀರದಲ್ಲಿ ಮಹಿಳೆಯರು ಬಿದಿರಿನ ತೆಪ್ಪಗಳಿಗೆ ಕಪ್ಪಾಫೈಕಸ್ ಎಂಬ ಕಡಲಕಳೆಯನ್ನು ಕಟ್ಟಿ ಸುಮಾರು 45 ದಿನಕ್ಕೊಮ್ಮೆ ಕೊಯ್ಯುತ್ತಾರೆ. 2013ರಲ್ಲಿ ನೀರು ಕಾದು ಬೆಳೆ ರಾಶಿರಾಶಿಯಾಗಿ ಸತ್ತದ್ದನ್ನು ಅವರು ಅನುಭವಿಸಿದ್ದಾರೆ. ಇಲ್ಲಿನ ಹಗಲಿನ ಲೆಕ್ಕವೂ ಬೇರೆ. ಹೆಲ್ಗೊಲಾಂಡಿನಲ್ಲಿ ಬೇಸಿಗೆ ಮತ್ತು ಚಳಿಗಾಲದ ಹಗಲಿನ ನಡುವೆ ಒಂಬತ್ತು ಗಂಟೆಗೂ ಹೆಚ್ಚು ಅಂತರ. ರಾಮೇಶ್ವರದಲ್ಲಿ ಅದು ಒಂದು ಗಂಟೆಯ ಆಸುಪಾಸು. ಯುರೋಪಿನ ತೊಟ್ಟಿಗಳಲ್ಲಿ ಸಿಕ್ಕ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ತಂದು ಹೊಂದಿಸಲು ಆಗದು.

ಆದ್ದರಿಂದ ಗುರಿಯ ಟನ್ನುಗಳನ್ನು ಘೋಷಿಸುವ ಮೊದಲು, ತೆಪ್ಪ ತೇಲುವ ಜಾಗದಲ್ಲೇ ಪಿಎಚ್, ಉಷ್ಣಾಂಶ, ಬೆಳಕುಗಳನ್ನು ಎಲ್ಲ ಋತುಗಳಲ್ಲಿ ಅಳೆಯುವ ವ್ಯವಸ್ಥೆಗೆ ಸರ್ಕಾರ ಹಣ ಇಡಬೇಕು. ಅಳತೆಯ ಫಲ ತಮಿಳಿನಲ್ಲಿ, ಆ ಮಹಿಳೆಯರ ಮೊಬೈಲಿಗೆ, ತೆಪ್ಪ ನೀರಿಗಿಳಿಸುವ ಮೊದಲೇ ತಲುಪಬೇಕು. ಬೆಳೆ ಸತ್ತ ವರ್ಷದ ನಷ್ಟವನ್ನು ತುಂಬಿಕೊಡುವ ವಿಮೆಯೂ ಅದರ ಜೊತೆಗೇ ಬರಬೇಕು.