ಕಿತ್ತಳೆ ಸಸಿಗೆ ಹಿಮದ ಲೆಕ್ಕ

ನೀಲಗಿರಿಯ ಮೇಲಣ ಕಣಿವೆಗಳಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಬೆಳ್ಳಗೆ ಕೂರುತ್ತದೆ. ಈ ಹಿಮಕ್ಕೆ ಚಹಾದ ಚಿಗುರು ಕರಕಲಾಗುವುದನ್ನು ಬಲ್ಲ ನಾವು, ಹಿತ್ತಿಲಲ್ಲಿ ಕಿತ್ತಳೆ, ನಿಂಬೆ ನೆಡುವಾಗ ಮಾತ್ರ ಮಳೆಯೊಂದನ್ನೇ ನೋಡುತ್ತೇವೆ. ಅಕ್ಟೋಬರ್‌ನ ಈಶಾನ್ಯ ಮಾರುತಕ್ಕೆ ಮಣ್ಣು ಹದವಾಗಿರುತ್ತದೆ. ಸಸಿ ಹಂಚಿಕೆಯೂ ಆಗಲೇ ನಡೆದರೆ ಕೇಳುವುದೇ ಬೇಡ. ಬೇರು ಹಿಡಿದು ಎಳೆಚಿಗುರು ಒಡೆಯುವ ಹೊತ್ತಿಗೆ ಹಿಮ ಬಂದಿರುತ್ತದೆ. ಬಲಿತ ಕಿತ್ತಳೆ ಮರ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿನ ಚಳಿಯನ್ನು ತುಸು ಹೊತ್ತು ತಾಳಬಲ್ಲದು, ಎಳೆಸಸಿ ತಾಳಲಾರದು. ನಿಂಬೆಯಂತೂ ಇನ್ನೂ ಮೆದು.

ಕೊನೆಯ ಹಿಮ ಕಳೆದ ಮೇಲೆ, ಏಪ್ರಿಲ್-ಮೇ ತಿಂಗಳ ಮಳೆಗೆ ನೆಟ್ಟರೆ ಮುಂದಿನ ಚಳಿಗಾಲದೊಳಗೆ ಸಸಿಗೆ ಆರೇಳು ತಿಂಗಳ ಬಲ ದೊರೆಯುತ್ತದೆ.

ಆದರೆ ಆ ಕೊನೆಯ ದಿನ ಯಾವುದು? ಜಿಲ್ಲೆಗೆಲ್ಲ ಒಂದೇ ತಾರೀಖು ಹೇಳಲಾಗದು. ಮೋಡವೂ ಬೀಸುಗಾಳಿಯೂ ಇಲ್ಲದ ರಾತ್ರಿ, ತಣಿದು ಭಾರವಾದ ಗಾಳಿಯು ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದ ಬದಿಯ ಹೊಲ ಬೆಳ್ಳಗಾದ ಮುಂಜಾನೆ ನೂರಡಿ ಮೇಲಿನ ಹೊಲ ಹಸಿರಾಗಿಯೇ ಇರಬಹುದು. ಇಳಿಜಾರಿಗೆ ಅಡ್ಡವಾಗಿ ದಟ್ಟ ಬೇಲಿ ಬೆಳೆಸಿದವರು ತಿಳಿಯದೆಯೇ ಈ ತಣ್ಣನೆಯ ಗಾಳಿಗೆ ಕಟ್ಟೆ ಕಟ್ಟಿರುತ್ತಾರೆ.

ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆಯಿಷ್ಟೆ: ನಿಮ್ಮ ಹಟ್ಟಿಯ ಮೇಲುಹೊಲದಲ್ಲೊಂದು, ತಗ್ಗಿನಲ್ಲೊಂದು ಉಷ್ಣಮಾಪಕವನ್ನಿಟ್ಟು, ಹಿಮ ಕಂಡ ಮುಂಜಾವುಗಳನ್ನೆಲ್ಲ ದಿನಾಂಕಸಹಿತ ಬರೆದಿಡಿ. ಹಿರಿಯರ ನೆನಪನ್ನೂ ಕೇಳಿ ಸೇರಿಸಿ. ಸಸಿ ಹಂಚುವವರ ಮುಂದೆ ಆ ಪುಸ್ತಕವನ್ನು ತೆರೆದಿಟ್ಟು, ಅಕ್ಟೋಬರ್ ಬದಲು ಏಪ್ರಿಲ್‌ನಲ್ಲಿ ಕೊಡಿರೆಂದು ಕೇಳೋಣ.